ಸಿಂಹಾಸನ ಬದಲಾದಾಗ ನಾಣ್ಯದಲ್ಲಿ ಬದಲಾಗುವುದೇನು?

ಅರಸು ಬದಲಾದೊಡನೆ ನಾಣ್ಯದ ಮುಖವೂ ಬದಲಾಗುತ್ತದೆಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಮೈಸೂರು ಸಂಸ್ಥಾನದ ನಾಣ್ಯಗಳನ್ನು ಕಾಲಕ್ರಮದಲ್ಲಿ ನೋಡಿದರೆ ಈ ಭಾವನೆ ನಿಲ್ಲುವುದಿಲ್ಲ.

1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗ ಕೆಳದಿ ಅರಸರ ಟಂಕಸಾಲೆಯೂ ಅವನ ಕೈಸೇರಿತು. ಅವರ ಇಕ್ಕೇರಿ ವರಾಹದ ಒಂದು ಮಗ್ಗುಲಲ್ಲಿ ಶಿವಪಾರ್ವತಿಯರು, ಇನ್ನೊಂದರಲ್ಲಿ ನಾಗರಿ ಲಿಪಿಯಲ್ಲಿ ಸದಾಶಿವ ಎಂಬ ಹೆಸರು. ವಿಜಯನಗರದ ಕಾಲದಿಂದ ಜನ ಕಂಡಿದ್ದ ಮಾದರಿಯದು. ಹೈದರನು ದೇವತೆಗಳನ್ನು ಹಾಗೆಯೇ ಉಳಿಸಿ, ಹಿಂಬದಿಯಲ್ಲಿ ತನ್ನ ಹೆಸರಿನ ಪಾರಸಿ ಮೊದಲಕ್ಷರವೊಂದನ್ನು ಮಾತ್ರ ಒತ್ತಿಸಿದನು. ಇದೇ ಬಹದ್ದೂರಿ ವರಾಹ. ಇದನ್ನು ಕೇವಲ ಧಾರ್ಮಿಕ ಔದಾರ್ಯವೆಂದು ಓದಿದರೆ ಸಾಲದು. ಹೊಸ ಅರಸನಿಗಿಂತ ಹಳೆಯ ಮುದ್ರೆಯನ್ನೇ ಚಿನಿವಾರನು ಹೆಚ್ಚು ನಂಬುತ್ತಾನೆ. ಪರಿಚಿತ ಮುಖವಿಲ್ಲದ ಚಿನ್ನವು ಪೇಟೆಯಲ್ಲಿ ಮತ್ತೆ ಒರೆಗಲ್ಲಿಗೆ ಹೋಗಬೇಕಾಗುತ್ತದೆ.

ಟಿಪ್ಪುವು ಚಿನ್ನದಿಂದ ದೇವತೆಗಳನ್ನು ತೆಗೆದು ಪಾರಸಿ ಬರಹವನ್ನೂ ಮೌಲೂದಿ ಶಕೆಯನ್ನೂ ತಂದನು. ಆದರೂ ತಂದೆಯ ಆ ಒಂದಕ್ಷರವನ್ನು ಬಿಡಲಿಲ್ಲ. ತಾಮ್ರದ ಮೇಲೆ ಆನೆಯೂ ನಡೆಯುತ್ತಲೇ ಇತ್ತು.

1799ರ ಅನಂತರದ ಸ್ಥಿತಿ ಇನ್ನೂ ವಿಚಿತ್ರ. ಮುಮ್ಮಡಿ ಕೃಷ್ಣರಾಜ ಒಡೆಯರ ವರಾಹದಲ್ಲಿ ಶಿವಪಾರ್ವತಿಯರು ಮರಳಿ ಬಂದರು, ಬೆನ್ನಿಗೆ ನಾಗರಿಯಲ್ಲಿ ಶ್ರೀ ಕೃಷ್ಣರಾಜ. ಬೆಳ್ಳಿಯ ರೂಪಾಯಿಯಲ್ಲಾದರೋ ದೂರದ ದಿಲ್ಲಿಯ ಶಾಹ ಆಲಮನ ಹೆಸರು, ಪಾರಸಿಯಲ್ಲಿ! (ಪೇಶ್ವೆಗಳ ಕಾಲದ ಮರಾಠಿ ಟಂಕಸಾಲೆಗಳೂ ಮೊಗಲ್ ಬಾದಶಹನ ಹೆಸರನ್ನೇ ಒತ್ತುತ್ತಿದ್ದವೆಂಬುದನ್ನು ನಮ್ಮ ಭಾಗದ ವಿದ್ಯಾರ್ಥಿಗಳು ನೆನಪಿಡಬೇಕು.) ತಾಮ್ರದಲ್ಲಿ ಅದೇ ಆನೆ, ಅದರ ಜೊತೆಗೆ ಈಗ ಕನ್ನಡ ಅಕ್ಷರ. ಮುಂದೆ 'ಮಯಿಲಿ ಕಾಸು' ಎಂದು ಬೆಲೆಯನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಕೊರೆದರು.

ಒಬ್ಬನೇ ಅರಸ, ಮೂರು ಲೋಹ, ಮೂರು ಲಿಪಿ. ಚಿನ್ನವು ಪರಂಪರೆಯನ್ನೂ ಬೆಳ್ಳಿಯು ಸಾಮ್ರಾಜ್ಯದ ಮರ್ಯಾದೆಯನ್ನೂ ನುಡಿದರೆ, ಸಂತೆಯಲ್ಲಿ ಉಪ್ಪು ಮೆಣಸು ಕೊಳ್ಳುವವನ ಕೈಯ ತಾಮ್ರವು ಅವನ ಭಾಷೆಯನ್ನು ನುಡಿಯಿತು. ರಾಜಕೀಯ ಇತಿಹಾಸ ಬರೆಯುವವರು ಚಿನ್ನವನ್ನೇ ಮೊದಲು ಎತ್ತಿಕೊಳ್ಳುತ್ತಾರೆ. ಕನ್ನಡದ ವಿದ್ಯಾರ್ಥಿಗೆ ತಾಮ್ರವೇ ಮುಖ್ಯವೆಂದು ನನ್ನ ಅಭಿಪ್ರಾಯ.

ಕಂಪನಿ ಸರಕಾರವು ತನ್ನ ಸೀಮೆಗಳಿಗೆಲ್ಲ ಏಕರೂಪದ ನಾಣ್ಯವನ್ನು ತಂದು ನಾಲ್ಕನೆಯ ವಿಲಿಯಮ್ಮನ ಮುಖವನ್ನು ಒತ್ತಿದ್ದು 1835ರಲ್ಲಿ. ಸ್ವಾತಂತ್ರ್ಯ ಬಂದದ್ದು 1947ರಲ್ಲಾದರೂ ರಾಜನ ಮುಖದ ಜಾಗಕ್ಕೆ ಅಶೋಕನ ಸಿಂಹಗಳು ಬಂದದ್ದು 1950ರಲ್ಲಿ. ಇಂದಿನ ನಾಣ್ಯದಲ್ಲಿರುವುದು ಹಿಂದಿ, ಇಂಗ್ಲಿಷ್ ಬರಹ. ಕನ್ನಡವನ್ನು ಕಾಣಬೇಕಾದರೆ ನೋಟಿನ ಹಿಂಬದಿಯ ಭಾಷಾಪಟ್ಟಿಯಲ್ಲಿ ಹುಡುಕಬೇಕು.