ಮೈಸೂರು ರಾಜಸ್ತ್ರೀಯರ ವರ್ಣಚಿತ್ರ (೧೮೦೫)

ಮೈಸೂರು ರಾಜಸ್ತ್ರೀಯರ ವರ್ಣಚಿತ್ರವು ಐರ್ಲೆಂಡ್ ಮೂಲದ ಕಲಾವಿದ ಥಾಮಸ್ ಹಿಕಿ ಸುಮಾರು ೧೮೦೫ರಲ್ಲಿ ರಚಿಸಿದ ತೈಲವರ್ಣದ ಕೃತಿಯಾಗಿದೆ. ಇದರಲ್ಲಿರುವ ಮೂವರನ್ನು ಹಿಂದೆ ನರ್ತಕಿಯರೆಂದು ಭಾವಿಸಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ೨೦೦೧ರ ಲೇಖನದಲ್ಲಿ ಇವರನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಅರಮನೆಯ ಸ್ತ್ರೀಯರೆಂದು ಗುರುತಿಸಿದರು.

ಬಲಬದಿಯ ಸ್ತ್ರೀ ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿದ್ದಾಳೆ. ಚಾನ್ಸೆಲರ್ ಅವರ ಪ್ರಕಾರ ಅದು ಸಿಡುಬಿನ ಲಸಿಕೆ ಹಾಕಿದ ಜಾಗ. ಹಸುವಿನ ಸಿಡುಬಿನಿಂದ ಪಡೆದ ಈ ಲಸಿಕೆ ಭಾರತಕ್ಕೆ ಬಂದದ್ದು ೧೮೦೨ರಲ್ಲಿ. ಅದರ ಬಗ್ಗೆ ಜನರಿಗಿದ್ದ ಅಂಜಿಕೆಯನ್ನು ರಾಜಮನೆತನದ ನಿದರ್ಶನದಿಂದ ಹೋಗಲಾಡಿಸುವುದು ಚಿತ್ರದ ಉದ್ದೇಶವಾಗಿತ್ತೆಂದು ಅವರು ವಾದಿಸಿದ್ದಾರೆ.

ಒಡೆಯರ ತಂದೆ ಚಾಮರಾಜ ಒಡೆಯರ ಜನ್ಮಸ್ಥಳ ಅರಿಕುಠಾರ. ಆ ಊರಿಗೆ ೧೮೧೮ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟ ಮುಮ್ಮಡಿಯವರು, ೧೮೨೬ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು.