ಮಳೆಗೆ ಮುಂಚಿನ ಮೂರು ಸ್ವರ

ವೈಶಾಖದ ಬೇಗೆಯಲ್ಲಿ ಆಳಂದ, ಅಫಜಲಪುರ, ಜೇವರ್ಗಿಗಳ ಎರೆಯ ಸೀಮೆಯೆಲ್ಲವೂ ಮುಗಿಲತ್ತ ಮೋರೆ ಮಾಡಿ ಕುಳಿತಿರುವುದು. ಇಲ್ಲಿಯ ತೊಗರಿಯ ಬೇಸಾಯವು ಬಹುಮಟ್ಟಿಗೆ ಮಳೆಯನ್ನೇ ನಂಬಿದುದೆಂಬುದು ಸರ್ವವಿದಿತ. ಇಂಥ ಕಾಲದಲ್ಲಿ ತೋಪಿನೊಳಗಿಂದ ಹಗಲಿರುಳೆನ್ನದೆ ಕಾಣದ ಹಕ್ಕಿಯೊಂದರ ಕೂಗು ಕೇಳಿಬಂದರೆ, ಒಬ್ಬರು ಅದನ್ನು ಕೋಗಿಲೆಯೆನ್ನುವರು. ಕಾವ್ಯ ಬಲ್ಲವರು ಚಾತಕವೆನ್ನುವರು. ಹೋಗಿ ನೋಡಿದವರು ಬೂದುಬಣ್ಣದ ಗಿಡುಗವನ್ನು ಕಂಡೆವೆನ್ನುವರು. ಇಂಥಲ್ಲಿ ನಂಬತಕ್ಕುದು ಕಣ್ಣನ್ನಲ್ಲ, ಕಿವಿಯನ್ನು.

ಕೂಗನ್ನು ಎಣಿಸಿ ಕೇಳಬೇಕು. ಗಂಡು ಕೋಗಿಲೆಯ ಕುಹೂಕಾರದಲ್ಲಿ ಸ್ವರಗಳು ಎರಡು. ಚಾತಕದ್ದು ಲೋಹವನ್ನು ತಟ್ಟಿದಂತಹ ಪಿಯು-ಪಿಯು ನಾದ. ನಮ್ಮ ಅಪರಿಚಿತನದಾದರೋ ಮೂರು ಸ್ವರಗಳ ಒಂದು ತುಣುಕು. ಅದನ್ನೇ ಐದಾರು ಸಲ ಮೇಲಮೇಲಕ್ಕೇರಿಸಿ, ಕಿರಿಚಿದಂತಾದೊಡನೆ ತಟ್ಟನೆ ನಿಲ್ಲಿಸಿ, ತುಸು ಹೊತ್ತಿನಲ್ಲಿ ಮತ್ತೆ ಕೆಳಗಿನಿಂದ ತೊಡಗುವುದು. ಕೋಗಿಲೆಯೂ ಸ್ವರವೇರಿಸುವುದರಿಂದಲೇ ಭ್ರಾಂತಿಯುಂಟಾಗುವುದು. ಎರಡೋ ಮೂರೋ ಎಂಬ ಎಣಿಕೆಯೊಂದೇ ಅದನ್ನು ಕಳೆಯಬಲ್ಲುದು. ಇದೇ ಹಿಂದಿಯವರ ಪಪೀಹಾ, ಮರಾಠಿಗರ ಪಾವಶಾ. ವೇಷ ಗಿಡುಗದ್ದು, ಕುಲ ಕೋಗಿಲೆಯದು. ಕೋಗಿಲೆಯು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವಂತೆ ಇದು ಹರಟೆಮಲ್ಲನ ಗೂಡಿನಲ್ಲಿ ಇಡುವುದು.

ಈ ಮೂರು ಸ್ವರಗಳಲ್ಲಿ ಒಂದೊಂದು ಜನವು ಒಂದೊಂದು ಮಾತನ್ನು ಕೇಳಿದೆ. ಹಿಂದಿಯ ವಿರಹಿಗೆ ಅದು ‘ಪೀ ಕಹಾಂ’, ನಲ್ಲನೆಲ್ಲಿ ಎಂಬ ಪ್ರಶ್ನೆ. ಸೆಕೆಯಲ್ಲಿ ನಿದ್ದೆಗೆಟ್ಟ ಆಂಗ್ಲನಿಗೆ ‘ಬ್ರೇನ್ ಫೀವರ್’, ಎಂದರೆ ಮಿದುಳುಜ್ವರ. ಆಳಂದ, ಅಫಜಲಪುರಗಳ ಗಡಿಯಾಚೆಯ ಮರಾಠಿ ಒಕ್ಕಲಿಗನಿಗೆ ‘ಪೇರ್ತೆ ವ್ಹಾ’, ಬಿತ್ತಲು ತೊಡಗಿರಿ ಎಂಬ ಅಪ್ಪಣೆ. ಹಾಡು ಒಂದೇ, ಕೇಳುವವರ ಚಿಂತೆ ಬೇರೆಬೇರೆ.

ಆದರೆ ಕೂಗಿನಿಂದ ಹಕ್ಕಿಯ ಗುರುತು ಸಿಕ್ಕೀತೇ ಹೊರತು ಮಳೆಯ ದಿನ ಸಿಕ್ಕಲಾರದು. ಗಂಡುಹಕ್ಕಿ ಕೂಗುವುದು ಹೆಣ್ಣನ್ನು ಕರೆಯಲು, ತನ್ನ ಎಲ್ಲೆಯನ್ನು ಸಾರಲು. ಮಳೆಗೆ ಎಷ್ಟೋ ವಾರಗಳ ಮುಂಚೆಯೇ ಅದು ತೊಡಗಬಹುದು. ಅದರ ಅಪ್ಪಣೆಯಂತೆ ಒಣನೆಲಕ್ಕೆ ಬೀಜ ಚೆಲ್ಲಿದವನ ನಷ್ಟವನ್ನು ಹಕ್ಕಿ ತುಂಬಿಕೊಡದು. ಚಾತಕದ ಮಾತು ತುಸು ಬೇರೆ. ಉತ್ತರ ಭಾರತಕ್ಕೆ ಅದು ಆಫ್ರಿಕದಿಂದ ಮುಂಗಾರಿನ ಗಾಳಿಯೊಡನೆ ಬರುವುದಾದ್ದರಿಂದ ಅಲ್ಲಿ ಅದರ ಮೊದಲ ದನಿಗೆ ಬೆಲೆಯುಂಟು. ದಕ್ಷಿಣದ ತುದಿಯಲ್ಲಾದರೋ ವರ್ಷವೆಲ್ಲ ನೆಲಸಿರುವ ಚಾತಕಗಳೂ ಇವೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ‘ಮರ್ಲಿನ್’ ಎಂಬ ಸಾಧನವು 2021ರಿಂದ ಮೊಬೈಲಿನಲ್ಲಿ ಹಕ್ಕಿಯ ದನಿಯನ್ನು ಕೇಳಿ ಹೆಸರು ಸೂಚಿಸತೊಡಗಿದೆ. ಸಂತೋಷವೇ, ಆದರೆ ಯಂತ್ರದ ಸೂಚನೆಯನ್ನು ಕಿವಿಯು ಪರೀಕ್ಷಿಸಿ ಒಪ್ಪಬೇಕು. ನಮ್ಮ ಶಿಕ್ಷಕರೂ ಗ್ರಾಮಾಧಿಕಾರಿಗಳೂ ಕೂಗು ಕೇಳಿದ ದಿನ, ಹೊತ್ತು, ಸ್ಥಳ, ಸ್ವರಗಳ ಎಣಿಕೆ, ಇವಿಷ್ಟನ್ನು ಒಂದು ವಹಿಯಲ್ಲಿ ಬರೆದಿಡಲಿ. ಹತ್ತು ವರ್ಷಗಳ ಅಂಥ ವಹಿಯನ್ನು ತಾಲೂಕಿನ ಮಳೆಯ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರೆ, ಹಕ್ಕಿಗೂ ಮಳೆಗೂ ಇರುವ ನಂಟು ಎಷ್ಟೆಂಬುದು ಊಹೆಯಿಲ್ಲದೆ ತಿಳಿದೀತು. ಬಿತ್ತುವವನಿಗೆ ಬೇಕಾದುದು ಆ ತಿಳಿವು.