ವೆಸ್ಟಾದ ಕಂದರಗಳು ಮತ್ತು ಖಜಾನೆಯ ಲೆಕ್ಕ

ಮಂಗಳ ಮತ್ತು ಗುರು ಗ್ರಹಗಳ ನಡುವಿನ ಕ್ಷುದ್ರಗ್ರಹಗಳ ಪಟ್ಟಿಯಲ್ಲಿ ಸಿರಿಸ್‌ ಅನ್ನು ಬಿಟ್ಟರೆ ಅತ್ಯಂತ ಭಾರವಾದದ್ದು ವೆಸ್ಟಾ. ಜರ್ಮನಿಯ ಒಲ್ಬರ್ಸ್ 1807ರಲ್ಲಿ ಗುರುತಿಸಿದ ಈ ಕಾಯದ ಸರಾಸರಿ ವ್ಯಾಸ ಕೇವಲ 525 ಕಿ.ಮೀ. ಆದರೆ ಅದರ ಸಮಭಾಜಕದ ಸುತ್ತ ಹಬ್ಬಿರುವ ಕಂದರಗಳ ಪೈಕಿ ಡಿವಾಲಿಯಾ ಎಂಬುದು 465 ಕಿ.ಮೀ. ಉದ್ದ, 22 ಕಿ.ಮೀ. ಅಗಲ ಮತ್ತು 5 ಕಿ.ಮೀ. ಆಳವಿದೆ. ಉದ್ದದಲ್ಲಿ ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ಗೂ ಅದು ಮಿಗಿಲು. ಅಲ್ಲಿ ನೆಲವನ್ನು ಕೊರೆಯಲು ಕೊಲರಾಡೊ ನದಿಯಿತ್ತು. ವೆಸ್ಟಾದಲ್ಲಿ ನದಿಯೆಲ್ಲಿಂದ ಬರಬೇಕು?

ಉತ್ತರವಿರುವುದು ಅದರ ದಕ್ಷಿಣ ಧ್ರುವದಲ್ಲಿ. ಅಲ್ಲಿ ಸುಮಾರು ನೂರು ಕೋಟಿ ವರ್ಷಗಳ ಹಿಂದಿನ ಭೀಕರ ಅಪ್ಪಳಿಕೆಯೊಂದು ರಿಯಾಸಿಲ್ವಿಯಾ ಎಂಬ, ಸುಮಾರು 500 ಕಿ.ಮೀ. ಅಗಲದ ಕುಳಿಯನ್ನು ತೋಡಿದೆ. ಅದರ ನಡುವಿನ ಶಿಖರದ ಎತ್ತರ 20 ಕಿ.ಮೀ.ಗೂ ಹೆಚ್ಚು, ಎವರೆಸ್ಟ್‌ನ ಎರಡು ಪಟ್ಟು ಮೀರಿದ್ದು. ಅದರಡಿ ಅರ್ಧ ಹುದುಗಿರುವ ವೆನೆನೇಯಾ ಇನ್ನೂ ಹಳೆಯ ಕುಳಿ. ಸಮಭಾಜಕದ ಕಂದರಗಳು ರಿಯಾಸಿಲ್ವಿಯಾವನ್ನು ಕೇಂದ್ರವಾಗಿಟ್ಟು ಎಳೆದ ವರ್ತುಲದಂತಿವೆ. ಉತ್ತರದ ಸ್ಯಾಟರ್ನೇಲಿಯಾ ಕಂದರಗಳು ವೆನೆನೇಯಾವನ್ನು. ಪೆಟ್ಟು ಬಿದ್ದದ್ದು ಧ್ರುವಕ್ಕೆ, ಬಿರುಕು ಬಿಟ್ಟದ್ದು ನಡುವಿಗೆ! ಗಟ್ಟಿ ತಿರುಳಿನ ಸುತ್ತ ಪದರಗಳಿರುವ ಕಾಯದಲ್ಲಿ ಆಘಾತದ ಅಲೆಗಳು ಹೀಗೆ ನೆಲವನ್ನು ಸೀಳಬಲ್ಲವು ಎಂಬುದು ಹಲವು ವಿಜ್ಞಾನಿಗಳ ವಿವರಣೆ.

ಇದರಲ್ಲಿ ನಮ್ಮ ಪಾಲೂ ಇದೆ. 1996ರಲ್ಲಿ ರಾಜಸ್ಥಾನದ ಪಿಪಲಿಯಾ ಕಲಾನ್‌ನಲ್ಲಿ ಬಿದ್ದ ಉಲ್ಕಾಶಿಲೆ ವೆಸ್ಟಾದಿಂದ ಸಿಡಿದು ಬಂದವೆಂದು ನಂಬಲಾದ ಯೂಕ್ರೈಟ್ ವರ್ಗಕ್ಕೆ ಸೇರಿದ್ದು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ಅದರಲ್ಲಿ ಒಂದು ಕಾಲಕ್ಕಿದ್ದು ಕ್ಷಯಿಸಿಹೋದ ಅಲ್ಯೂಮಿನಿಯಂ–26ರ ಕುರುಹನ್ನು ಪತ್ತೆ ಹಚ್ಚಿ 1999ರಲ್ಲಿ ಪ್ರಕಟಿಸಿದರು. ಇಂಥ ಪುಟ್ಟ ಕಾಯವನ್ನು ಒಳಗಿನಿಂದ ಕರಗಿಸಿ ಪದರಗಳಾಗಿಸಿದ ಶಾಖ ಯಾವುದೆಂಬ ಪ್ರಶ್ನೆಗೆ ಅದೊಂದು ಬಲವಾದ ಸಾಕ್ಷ್ಯ.

ಕಂದರಗಳನ್ನು ತೋರಿಸಿಕೊಟ್ಟ ನಾಸಾದ ಡಾನ್ ನೌಕೆ ಹಾರದೆಯೇ ಉಳಿಯುವ ಸಂಭವವಿತ್ತೆಂಬುದು ಇಲ್ಲಿ ಹೆಚ್ಚು ಜನರಿಗೆ ತಿಳಿಯದು. ವೆಚ್ಚ ಮಿತಿಮೀರಿತು, ತಾಂತ್ರಿಕ ತೊಡಕುಗಳಿವೆ ಎಂದು 2006ರ ಮಾರ್ಚ್‌ನಲ್ಲಿ ಯೋಜನೆಯನ್ನು ರದ್ದುಪಡಿಸಲಾಯಿತು. ಮರುಪರಿಶೀಲನೆಯ ಬಳಿಕ ಅದೇ ತಿಂಗಳು ಆ ಆದೇಶ ಹಿಂದಕ್ಕೆ ಪಡೆಯಲಾಯಿತು. ಈಗಾಗಲೇ ಖರ್ಚಾದ ಹಣವನ್ನು ಮುಂದಿನ ನಿರ್ಧಾರದಲ್ಲಿ ಲೆಕ್ಕಿಸಬಾರದು ಎಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ನಾನೂ ಅದನ್ನು ಒಪ್ಪುವವನೇ. ಆದರೆ ಉಳಿದ ವೆಚ್ಚಕ್ಕೆ ಎದುರಾಗಿ ದೊರೆಯಲಿರುವ ಫಲವೇನು ಎಂಬ ಇನ್ನೊಂದು ಕಾಲಮ್ಮು ಖಾಲಿ ಇದ್ದರೆ ಆ ಪಾಠ ಅರ್ಧವಾಗುತ್ತದೆ. ಒಮ್ಮೆ ಮುಚ್ಚಿದ ಕಡತವನ್ನು ಒಂದು ತಿಂಗಳೊಳಗೆ ತೆರೆಯಬಲ್ಲ ಆಡಳಿತದ ಬಗ್ಗೆ, ಕಡತಗಳ ನಡುವೆ ಬಾಳಿದ ನನ್ನಂಥವರಿಗೆ ತುಸು ಅಸೂಯೆಯೂ ಆಗುತ್ತದೆ.

2007ರಲ್ಲಿ ಹಾರಿದ ಡಾನ್ 2011ರಿಂದ ಸುಮಾರು ಹದಿನಾಲ್ಕು ತಿಂಗಳು ವೆಸ್ಟಾವನ್ನು ಸುತ್ತಿತು. 2015ರಲ್ಲಿ ಸಿರಿಸ್ ತಲುಪಿ, 2018ರಲ್ಲಿ ಇಂಧನ ಮುಗಿದು ಮೌನವಾಯಿತು. ಆ ಹಳೆಯ ಮಾಹಿತಿಯನ್ನೇ ಮತ್ತೆ ಶೋಧಿಸಿದ ಅಧ್ಯಯನವೊಂದು 2025ರಲ್ಲಿ, ವೆಸ್ಟಾದ ತಿರುಳು ಭಾವಿಸಿದ್ದಕ್ಕಿಂತ ತೀರಾ ಚಿಕ್ಕದಿರಬಹುದೆಂದು ಹೇಳಿದೆ. ಕಂದರಗಳ ವಿವರಣೆಯನ್ನೂ ಇನ್ನು ಮತ್ತೊಮ್ಮೆ ತೂಗಿ ನೋಡಬೇಕಾಗಿದೆ.